ಅರಿಶಿನ ಹಚ್ಚಿದ ರಿಪೋರ್ಟು

ಮೊದಲು ನಾನು ಬೈದದ್ದು ಹೀಟರನ್ನು. ಅಡಿಲೇಡಿನಲ್ಲಿ ಚಳಿ ಶುರುವಾಗಿತ್ತು. ಪ್ರಾಸ್ಪೆಕ್ಟ್ ಬಡಾವಣೆಯ ನಮ್ಮ ಮನೆಗೆ ಹೊಸದಾಗಿ ಹಾಕಿಸಿದ ಹೀಟರು ಗಾಳಿಯನ್ನೆಲ್ಲ ಒಣಗಿಸಿ ನನಗೆ ಕೆಮ್ಮು ಬರಿಸುತ್ತಿದೆ ಎಂದು ತೀರ್ಮಾನಿಸಿ, ಅದನ್ನು ಆರಿಸಿ, ಗಂಡನಿಗೆ ಎರಡು ಸ್ವೆಟರ್ ಹಾಕಿಸಿ ಕೂರಿಸಿದೆ. ಆಮೇಲೆ ಬೈದದ್ದು ಶೂಗಳನ್ನು, ಸಂಜೆಯಾದರೆ ಬಿಗಿಯಾಗುತ್ತಿದ್ದವು. ಅದಾದ ಮೇಲೆ ನನ್ನ ವಯಸ್ಸನ್ನು. ನಲವತ್ತೊಂಬತ್ತರ ಹೆಂಗಸಿಗೆ ಏನೇ ಆದರೂ ವಯಸ್ಸು ಎನ್ನುವ ಒಂದು ಸಿದ್ಧ ಉತ್ತರ ಕಾದುಕೊಂಡೇ ಇರುತ್ತದೆ. ಹೃದಯವನ್ನು ಮಾತ್ರ ಬೈಯಲಿಲ್ಲ. ಅದು ಇದೆ ಎನ್ನುವ ನೆನಪೇ ನನಗಿರಲಿಲ್ಲ.

ನಮ್ಮ ಮನೆಯಿಂದ ಪ್ರಾಸ್ಪೆಕ್ಟ್ ರೋಡಿನ ಇಂಡಿಯನ್ ಅಂಗಡಿಗೆ ಹದಿನೈದು ನಿಮಿಷದ ದಾರಿ. ಆ ದಾರಿಯಲ್ಲಿ ನಾನು ಮೂರು ಕಡೆ ನಿಲ್ಲಲು ಶುರು ಮಾಡಿದ್ದೆ. ಮೊದಲು ಬಸ್ ಸ್ಟಾಪಿನಲ್ಲಿ, ಬಸ್ಸಿಗೆ ಕಾಯುವವಳ ಹಾಗೆ. ಆಮೇಲೆ ಪೆಟ್ರೋಲ್ ಬಂಕಿನ ಎದುರು, ಬೆಲೆ ಓದುವವಳ ಹಾಗೆ. ಕೊನೆಗೆ ಕಾಫಿ ಅಂಗಡಿಯ ಮುಂದೆ, ಫೋನ್ ಬಂದವಳ ಹಾಗೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ, ಆದರೂ ಈ ನಾಟಕ.

ನಾನು ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ಒಂದು ಮಧ್ಯಾಹ್ನ ಊಟದ ಗಾಡಿ ತಳ್ಳಿಕೊಂಡು ಹೋಗುವಾಗ ಕಾರಿಡಾರಿನ ಮಧ್ಯದಲ್ಲಿ ನಿಂತುಬಿಟ್ಟೆ. ಹಿಂದಿನಿಂದ ವಾಕರ್ ಹಿಡಿದ, ತೊಂಬತ್ತು ದಾಟಿದ ಅಜ್ಜಿಯೊಬ್ಬರು ಬಂದು, ನನ್ನನ್ನು ಹಿಂದೆ ಹಾಕಿ, ತಿರುಗಿ ನೋಡಿ, "ಯು ಆಲ್‌ರೈಟ್, ಲವ್?" ಎಂದರು. ಅವತ್ತೇ ಡಾಕ್ಟರ ಬಳಿಗೆ ಹೋದೆ.

ರಕ್ತ ಪರೀಕ್ಷೆ, ಇಸಿಜಿ, ಎಕ್ಸ್‌ರೇ. ಎಕ್ಸ್‌ರೇ ತೆಗೆದ ಹುಡುಗಿ, "ಸ್ವಲ್ಪ ಕೂತಿರಿ, ಈಗಲೇ ಹೋಗಬೇಡಿ" ಎಂದಳು. ಎದುರಿಗೆ ಹಳೆಯ ಪತ್ರಿಕೆಗಳ ರಾಶಿ ಇತ್ತು. ಅದರಲ್ಲಿ ನಿಂಬೆಹಣ್ಣಿನ ಕೇಕ್ ಮಾಡುವ ವಿಧಾನವನ್ನು ನಾಲ್ಕು ಸಲ ಓದಿದೆ. ಇವತ್ತಿಗೂ ಅದು ನನಗೆ ಬಾಯಿಪಾಠ, ಒಮ್ಮೆಯೂ ಮಾಡಿಲ್ಲ.

ಆ ವಾರದಲ್ಲೇ ಎಕೋ ಆಯಿತು. ಕತ್ತಲು ಕೋಣೆ, ಎದೆಗೆ ತಣ್ಣನೆಯ ಜೆಲ್, ಪರದೆಯ ಮೇಲೆ ನನ್ನದೇ ಹೃದಯ. ಪರೀಕ್ಷೆ ಮಾಡುವಾಕೆ ಮೊದಲ ಐದು ನಿಮಿಷ ಹವಾಮಾನದ ಬಗ್ಗೆ ಮಾತಾಡಿದಳು. ಆಮೇಲೆ ಮಾತು ನಿಂತಿತು. ನಾನು ಪರದೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದೆ. ನನ್ನಂಥವರು ಅವಳಿಗೆ ದಿನಕ್ಕೆ ಹತ್ತು ಜನ ಸಿಗುತ್ತಿರಬೇಕು, ಅವಳ ಮುಖದಲ್ಲಿ ಏನೂ ಸಿಗಲಿಲ್ಲ. ಹೊರಡುವಾಗ ಮಾತ್ರ ಜೆಲ್ ಒರೆಸಿಕೊಳ್ಳಲು ಬಿಸಿ ಮಾಡಿದ ಟವೆಲ್ ಕೊಟ್ಟಳು. ಆ ಬಿಸಿಗೆ ನನಗೆ ಅಳು ಬಂತು.

ಹೃದಯದ ಡಾಕ್ಟರು ನನಗಿಂತ ಚಿಕ್ಕವರು, ಸುತ್ತಿ ಬಳಸಿ ಮಾತಾಡುವವರಲ್ಲ. "ನಿಮ್ಮ ಹೃದಯ ಹಿಗ್ಗಿದೆ. ಹಿಗ್ಗಿರುವುದರಿಂದ ಹಿಂಡುವ ಬಲ ಕಡಿಮೆಯಾಗಿದೆ. ಅದಕ್ಕೇ ಶ್ವಾಸಕೋಶದಲ್ಲಿ, ಕಾಲಿನಲ್ಲಿ ನೀರು ನಿಲ್ಲುತ್ತಿದೆ. ಒಳ್ಳೆಯ ಔಷಧಿಗಳಿವೆ. ಸಮಯ ಹಿಡಿಯುತ್ತದೆ" ಎಂದರು. ನನ್ನ ಗಂಡ ಮಂಜು ಮಾಸನ್ ಲೇಕ್ಸ್ ಬಡಾವಣೆಯ ಒಂದು ಕಂಪನಿಯಲ್ಲಿ ಎಂಜಿನಿಯರು. ಯಾವ ಮೀಟಿಂಗಿನಲ್ಲೂ ಸುಮ್ಮನೆ ಕೂರುವ ಆಸಾಮಿಯಲ್ಲ. ಅಲ್ಲಿ ಮಾತ್ರ ಪೆನ್ನು ಹಿಡಿದು ಏನೂ ಬರೆಯದೆ ಕೂತಿದ್ದರು.

"ನಿಮ್ಮ ಮನೆಯಲ್ಲಿ ಯಾರಿಗಾದರೂ ಹೃದಯದ ತೊಂದರೆ ಇತ್ತೇ?" ಎಂದು ಡಾಕ್ಟರು ಕೇಳಿದರು.

"ಇಲ್ಲ" ಎಂದೆ. ಅಪ್ಪ ಹೋದಾಗ ಮೈಸೂರಿನಲ್ಲಿ ಎಲ್ಲರೂ ಹೇಳಿದ್ದು ಗ್ಯಾಸ್ ಎದೆಗೆ ಹತ್ತಿತು ಎಂದು. ಐವತ್ತೆರಡು ವಯಸ್ಸು, ಬ್ಯಾಂಕಿನಿಂದ ಬಂದು ಕಾಫಿ ಕುಡಿದು ಕೂತವರು ಏಳಲಿಲ್ಲ. ಅದನ್ನು ಹೇಳುತ್ತ ಹೇಳುತ್ತ ನನಗೆ ಅಪ್ಪನ ಆರಾಮ ಕುರ್ಚಿ ನೆನಪಾಯಿತು. ಕೊನೆಯ ಒಂದು ವರ್ಷ ಅವರು ಮಂಚದ ಮೇಲೆ ಮಲಗಿದ್ದೇ ಇಲ್ಲ. ಹಜಾರದಲ್ಲಿ ಆ ಕುರ್ಚಿಯ ಮೇಲೆ ಒರಗಿಕೊಂಡೇ ನಿದ್ದೆ. ಅಮ್ಮ ಅದನ್ನು ಅವರ ಹಟ ಎಂದು ಬಂದವರಿಗೆಲ್ಲ ದೂರುತ್ತಿದ್ದಳು. ನಾನೂ ನನ್ನ ತಮ್ಮನೂ ಅವರು ಆಫೀಸಿಗೆ ಹೋದಾಗ ಆ ಕುರ್ಚಿಗಾಗಿ ಜಗಳವಾಡುತ್ತಿದ್ದೆವು. ಈಗ ನಾನು ಮೂರು ದಿಂಬು ಇಟ್ಟುಕೊಂಡು ಒರಗಿ ಮಲಗುತ್ತಿದ್ದೆ, ಮಟ್ಟಸವಾಗಿ ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಪ್ಪನಿಗೂ ಕಟ್ಟುತ್ತಿತ್ತು ಎನ್ನುವುದು ಮೂವತ್ತು ವರ್ಷವಾದ ಮೇಲೆ, ಅಡಿಲೇಡಿನ ಒಂದು ಕ್ಲಿನಿಕ್ಕಿನಲ್ಲಿ ಗೊತ್ತಾಯಿತು.

ಡಾಕ್ಟರು ಕುರ್ಚಿಯ ಕಥೆ ಕೇಳಿ, ಪೆನ್ನು ಕೆಳಗಿಟ್ಟರು. "ಹಾಗಾದರೆ ಇದು ವಂಶದಲ್ಲಿ ಬಂದದ್ದಿರಬಹುದು. ನಿಮ್ಮ ಮಕ್ಕಳು, ಒಡಹುಟ್ಟಿದವರು ಎಲ್ಲರೂ ಒಂದು ಸಲ ಪರೀಕ್ಷೆ ಮಾಡಿಸಬೇಕು. ತಡ ಮಾಡಬೇಡಿ. ಬೇಗ ಸಿಕ್ಕರೆ ತುಂಬ ಮಾಡಬಹುದು."

ಮಕ್ಕಳೆಂದರೆ ಒಬ್ಬಳೇ, ಮೇಘಾ. ಪರ್ತ್‌ನಲ್ಲಿ ಕೆಲಸದಲ್ಲಿದ್ದಾಳೆ. ಅವಳಿಗೆ ಕಾರ್ ಪಾರ್ಕಿನಿಂದಲೇ ಫೋನ್ ಮಾಡಿದೆವು. ಒಡಹುಟ್ಟಿದವರೆಂದರೆ ಒಬ್ಬನೇ, ಶ್ರೀಕಂಠ, ನನಗಿಂತ ಐದು ವರ್ಷ ಚಿಕ್ಕವನು. ನಮಗೆಲ್ಲ ಕಂಠಿ. ಬ್ರಿಸ್ಬೇನಿನಲ್ಲಿದ್ದಾನೆ. ಅಪ್ಪ ಹೋದಾಗ ಅವನಿಗೆ ಹದಿನಾಲ್ಕು. ಅಮ್ಮನೂ ಹೋಗಿ ನಾಲ್ಕು ವರ್ಷವಾಯಿತು. ನನಗೆ ಉಳಿದಿರುವ ತವರು ಎಂದರೆ ಅವನೊಬ್ಬನೇ.

ಅವನಿಗೆ ಫೋನ್ ಮಾಡಲಿಲ್ಲ.

ಯಾಕೆಂದರೆ ಆಷಾಢ ಕಳೆದು ಶ್ರಾವಣದಲ್ಲಿ ಅವನ ಗೃಹಪ್ರವೇಶ. ಬ್ರಿಸ್ಬೇನಿನ ಸನ್ನಿಬ್ಯಾಂಕ್ ಬಡಾವಣೆಯಲ್ಲಿ ಹತ್ತು ವರ್ಷ ಬಾಡಿಗೆ ಮನೆಯಲ್ಲಿದ್ದು, ಈಗ ಅದರ ಹತ್ತಿರವೇ ಸ್ವಂತ ಮನೆ ಕಟ್ಟಿಸಿದ್ದ. ಮನೆಯ ಹೆಣ್ಣುಮಗಳಾಗಿ ಪೂರ್ಣಕುಂಭ ಹಿಡಿದು ಒಳಗೆ ಹೋಗಬೇಕಾದವಳು ನಾನು, ಹಾಲು ಉಕ್ಕಿಸಬೇಕಾದವಳು ನಾನು. ಅಂಥ ಹೊತ್ತಿನಲ್ಲಿ "ನನ್ನ ಹೃದಯ ಕೆಟ್ಟಿದೆ, ನಿನ್ನದೂ ಕೆಟ್ಟಿರಬಹುದು" ಎಂದು ಹೇಗೆ ಹೇಳುವುದು? ನಮ್ಮ ಮನೆಯಲ್ಲಿ ಶುಭಕಾರ್ಯಕ್ಕೆ ಮುಂಚೆ ಅಶುಭದ ಸುದ್ದಿ ಎತ್ತುವ ಪದ್ಧತಿಯೇ ಇಲ್ಲ. ದೊಡ್ಡತ್ತೆಯ ಮಗಳ ಮದುವೆಯ ಹೊತ್ತಿಗೆ ದೊಡ್ಡತ್ತೆಯ ಕೈ ಮುರಿದದ್ದನ್ನೇ ಸೀರೆಯ ಸೆರಗಿನಲ್ಲಿ ಮುಚ್ಚಿ, ಧಾರೆಯಾದ ಮೇಲೆ ಹೇಳಿದ ಮನೆತನ ನಮ್ಮದು.

"ಹೇಳ್ಬಿಡು ಶೈಲು" ಎಂದರು ಮಂಜು.

"ಏಳು ವಾರ ತಾನೇ ರೀ. ಮನೆ ಪ್ರವೇಶ ಮುಗಿದ ಮಾರನೇ ದಿನವೇ ಹೇಳ್ತೀನಿ."

"ಡಾಕ್ಟ್ರು ತಡ ಮಾಡ್ಬೇಡಿ ಅಂದ್ರಲ್ಲ."

"ನಲವತ್ನಾಲ್ಕು ವರ್ಷ ಏನೂ ಆಗ್ದೇ ಇದ್ದೋನಿಗೆ ಏಳು ವಾರದಲ್ಲಿ ಏನಾಗತ್ತೆ?"

ಹೀಗೆ ಕೇಳಿದವಳು ನಾನೇ. ಅಪ್ಪನ ಕುರ್ಚಿಯನ್ನು ಆಗಷ್ಟೇ ನೆನೆಸಿಕೊಂಡು ಬಂದವಳು.

ಮಾತ್ರೆಗಳು ಶುರುವಾದವು. ನಾಲ್ಕು ಬಗೆಯವು, ಎರಡೆರಡು ವಾರಕ್ಕೊಮ್ಮೆ ಪ್ರಮಾಣ ಏರಿಸುತ್ತಿದ್ದರು. ಮೊದಮೊದಲು ಎದ್ದು ನಿಂತರೆ ತಲೆ ಸುತ್ತುತ್ತಿತ್ತು. ಇವುಗಳ ಜೊತೆಗೆ ನೀರಿನ ಮಾತ್ರೆ. ಬೆಳಿಗ್ಗೆ ಅದನ್ನು ನುಂಗಿದರೆ ಮಧ್ಯಾಹ್ನದವರೆಗೆ ಬಚ್ಚಲಿನ ಸುತ್ತಮುತ್ತಲೇ ವಾಸ. ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಿ ಬರೆಯಬೇಕು. ಎರಡು ದಿನದಲ್ಲಿ ಎರಡು ಕಿಲೋ ಏರಿದರೆ ನರ್ಸ್‌ಗೆ ಫೋನ್ ಮಾಡಬೇಕು, ಅದು ಕೊಬ್ಬಲ್ಲ, ನೀರು. ದಿನಕ್ಕೆ ಕುಡಿಯುವುದು ಒಂದೂವರೆ ಲೀಟರ್ ಮೀರಬಾರದು, ಕಾಫಿ, ಸಾರು, ಮಜ್ಜಿಗೆ ಎಲ್ಲ ಸೇರಿ. ಉಪ್ಪಂತೂ ನೆಪಕ್ಕೆ. ವರ್ಷಗಟ್ಟಲೆ ನಾನೇ ವೃದ್ಧಾಶ್ರಮದಲ್ಲಿ ಉಪ್ಪಿಲ್ಲದ ತಟ್ಟೆಗಳನ್ನು ಹಂಚುತ್ತ, ಪಾಪ ಎಂದುಕೊಳ್ಳುತ್ತಿದ್ದವಳು. ಈಗ ನನ್ನ ತಟ್ಟೆ ನೋಡಿ ಮಂಜು ಪಾಪ ಎಂದುಕೊಳ್ಳುತ್ತಿದ್ದರು, ನನಗೆ ಕಾಣದ ಹಾಗೆ ಉಪ್ಪಿನಕಾಯಿ ನೆಕ್ಕುತ್ತ.

ಕ್ಲಿನಿಕ್ಕಿನಲ್ಲಿ ನನ್ನ ಜೊತೆ ಕಾಯುತ್ತಿದ್ದವರು ನಿಕ್ ಎಂಬ ಗ್ರೀಕ್ ತಾತ. ನನ್ನ ತುಟಿ ಒಣಗಿದ್ದನ್ನು ನೋಡಿ, "ದ್ರಾಕ್ಷಿಯನ್ನು ಫ್ರೀಜರಿನಲ್ಲಿಡು. ಬಾಯಾರಿದಾಗ ಒಂದೊಂದೇ ಚೀಪು. ನೀರು ಕುಡಿದ ಸಮಾಧಾನವೂ ಆಗುತ್ತದೆ, ಲೆಕ್ಕವೂ ತಪ್ಪುವುದಿಲ್ಲ" ಎಂದರು. ಹನ್ನೊಂದು ವರ್ಷದಿಂದ ಅವರು ಇದೇ ಕಾಯಿಲೆಯ ಜೊತೆ ಬದುಕುತ್ತಿದ್ದರು. "ಹನ್ನೊಂದು?" ಎಂದು ನಾನು ಬಾಯಿ ಬಿಟ್ಟು ಕೇಳಿದಾಗ, "ಏನು, ಸಾಲದೇ?" ಎಂದು ನಕ್ಕರು. ಅಷ್ಟು ವಾರಗಳಲ್ಲಿ ಯಾವ ಮಾತ್ರೆಯೂ ಕೊಡದ ಧೈರ್ಯವನ್ನು ಆ ಒಂದು ಸಂಖ್ಯೆ ಕೊಟ್ಟಿತು.

ಮೇಘಾ ಪರ್ತ್‌ನಲ್ಲಿ ಎರಡೇ ವಾರದಲ್ಲಿ ಪರೀಕ್ಷೆ ಮಾಡಿಸಿದಳು. ಎಲ್ಲ ಸರಿಯಾಗಿತ್ತು, ಕೆಲವು ವರ್ಷಕ್ಕೊಮ್ಮೆ ಮತ್ತೆ ನೋಡಿಸಿದರೆ ಸಾಕು ಎಂದರಂತೆ. ಫೋನ್ ಇಟ್ಟ ಮೇಲೆ ದೇವರ ಮುಂದೆ ದೀಪ ಹಚ್ಚಿದೆ. ಹಚ್ಚುವಾಗ ಕಂಠಿ ನೆನಪಾದ. ಪ್ರತಿ ಭಾನುವಾರ ಅವನು ವಿಡಿಯೋ ಕಾಲ್ ಮಾಡಿ ಟೈಲ್ಸ್ ತೋರಿಸುತ್ತಿದ್ದ, ದೇವರ ಮನೆಯ ಬಾಗಿಲು ತೋರಿಸುತ್ತಿದ್ದ.

"ಯಾಕಕ್ಕ, ಮುಖ ಇಳ್ದಿದೆ?"

"ಡಯಟ್ ಮಾಡ್ತಿದೀನಿ ಕಣೋ. ನಿನ್ ಮನೆ ಫೋಟೋದಲ್ಲಿ ದಪ್ಪ ಕಾಣ್ಬಾರ್ದಲ್ಲ."

"ನೀನಾ? ಡಯಟ್ಟಾ?" ಎಂದು ಅವನು ನಗುತ್ತಿದ್ದ. ನಕ್ಕು ಕೆಮ್ಮುತ್ತಿದ್ದ. ಹೊಸ ಮನೆಯ ಸಿಮೆಂಟು ಧೂಳು ಎನ್ನುತ್ತಿದ್ದ. ಮೇಘಾ ಮಾತ್ರ ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಿದ್ದಳು, "ಅಮ್ಮಾ, ಹ್ಯಾವ್ ಯು ಟೋಲ್ಡ್ ಕಂಠಿ ಮಾಮ?" ನಾನು ಸಿಗ್ನಲ್ ಸರಿಯಿಲ್ಲ ಎನ್ನುತ್ತಿದ್ದೆ.

ವಿಮಾನ ಹತ್ತಲು ಡಾಕ್ಟರು ಒಪ್ಪಿದರು. ಉಸಿರು ಸುಧಾರಿಸಿತ್ತು, ತೂಕ ನಿಂತಿತ್ತು. "ಮಾತ್ರೆ ತಪ್ಪಿಸಬೇಡಿ, ಉಪ್ಪಿನ ಮೇಲೆ ಕಣ್ಣಿರಲಿ, ಭಾರ ಎತ್ತಬೇಡಿ" ಎಂದರು. ಮಂಜು ತೂಕದ ಯಂತ್ರವನ್ನು ಸೂಟ್‌ಕೇಸಿನಲ್ಲಿ ಇಟ್ಟರು. ನಾನು ತೆಗೆದಿಟ್ಟೆ. ತಮ್ಮನ ಮನೆಗೆ ತೂಕದ ಯಂತ್ರ ಹೊತ್ತುಕೊಂಡು ಹೋದರೆ ಯಾರಾದರೂ ಯಾಕೆ ಎಂದು ಕೇಳುವುದಿಲ್ಲವೇ?

ಇಲ್ಲಿಂದ ಮುಂದಿನದು ನನ್ನ ಬುದ್ಧಿಗೇಡಿತನದ ಕಥೆ. ನನ್ನ ಹಾಗೆ ಮಾಡಲು ಹೊರಟವರು ಯಾರಾದರೂ ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ವಿಮಾನದಲ್ಲಿ ನನಗೆ ಕಿಟಕಿ ಪಕ್ಕದ ಸೀಟು. ಹೊರಗೆ ಹೋಗಬೇಕೆಂದರೆ ಇಬ್ಬರನ್ನು ಎಬ್ಬಿಸಬೇಕು. ಹಾಗಾಗಿ ಅವತ್ತು ನೀರಿನ ಮಾತ್ರೆ ನುಂಗಲಿಲ್ಲ. ಮಾರನೆಯ ದಿನ ಗೃಹಪ್ರವೇಶ. ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ ಮಡಿ ಸೀರೆ ಉಟ್ಟವಳು ಹೋಮ ಮುಗಿಯುವವರೆಗೆ ಕೂತಿರಬೇಕು. ಮಧ್ಯೆ ಬಚ್ಚಲಿಗೆ ಹೋದರೆ ಮತ್ತೆ ಸ್ನಾನ, ಮತ್ತೆ ಸೀರೆ, ಅಷ್ಟು ಹೊತ್ತು ಪುರೋಹಿತರು ಕಾಯಬೇಕು. ಅವತ್ತೂ ನುಂಗಲಿಲ್ಲ. ಅದರ ಮಾರನೆಯ ದಿನ ಸತ್ಯನಾರಾಯಣ ಪೂಜೆ. ಅವತ್ತೂ ಇಲ್ಲ. ಮಂಜುಗೆ ಹೇಳಲಿಲ್ಲ. ಮಾತ್ರೆಯ ಡಬ್ಬಿಯಿಂದ ಅದನ್ನು ತೆಗೆದು ಕೈಚೀಲದೊಳಗೆ ಹಾಕಿಕೊಳ್ಳುತ್ತಿದ್ದೆ, ಮಿಕ್ಕವನ್ನು ನುಂಗುತ್ತಿದ್ದೆ. ಬರೀ ನೀರಿನ ಮಾತ್ರೆ ತಾನೇ, ಹೃದಯದ ಮಾತ್ರೆಯೇನಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಗೃಹಪ್ರವೇಶ ಚೆನ್ನಾಗಿ ಆಯಿತು. ಪುರೋಹಿತರು ವಾರವಿಡೀ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಶನಿವಾರ ಮಡಿ ಉಡುವವರು. ಹೋಮದ ಹೊಗೆಗೆ ಅಲಾರಂ ಕೂಗದಿರಲೆಂದು ಸೂರಿನ ಸೆನ್ಸರ್‌ಗಳಿಗೆಲ್ಲ ಶವರ್ ಕ್ಯಾಪ್ ತೊಡಿಸಲು ಹೇಳಿದವರೂ ಅವರೇ. ನಾನು ಪೂರ್ಣಕುಂಭ ಹಿಡಿದು ಬಲಗಾಲಿಟ್ಟು ಹೊಸಿಲು ದಾಟಿದೆ. ಹಾಲು ಉಕ್ಕಿದಾಗ ಕಂಠಿಯ ಹೆಂಡತಿ ಸೌಮ್ಯ ಕಣ್ಣೊರೆಸಿಕೊಂಡಳು. ಅಮ್ಮ ಇದ್ದಿದ್ದರೆ ಎಂದು ನಾವಿಬ್ಬರೂ ಒಟ್ಟಿಗೇ ಅಂದೆವು. ಊಟಕ್ಕೆ ಪುಳಿಯೋಗರೆ, ಹುಳಿ, ಬೋಂಡ, ಹಪ್ಪಳ. ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆಂದು ಬಡಿಸಿದ್ದನ್ನೆಲ್ಲ ತಿಂದೆ. ಸುಳ್ಳು ಯಾಕೆ, ಎರಡು ತಿಂಗಳಾದ ಮೇಲೆ ಉಪ್ಪು ಕಂಡ ನಾಲಿಗೆ ಬೇಡ ಎನ್ನುವ ಸ್ಥಿತಿಯಲ್ಲೂ ಇರಲಿಲ್ಲ.

ಸಂಜೆ ಸೌಮ್ಯ ಮನೆ ತೋರಿಸಿದಳು. ಕೆಳಗಿನ ಹಾಲಿನಲ್ಲಿ ಕಂದು ಬಣ್ಣದ ಒಂದು ದೊಡ್ಡ ರಿಕ್ಲೈನರ್ ಕುರ್ಚಿ ಇತ್ತು.

"ಇದು ನಿಮ್ ತಮ್ಮನ ಸಿಂಹಾಸನ ಅತ್ತಿಗೆ. ಎರಡು ತಿಂಗಳಾಯ್ತು, ಹಳೇ ಮನೇಲೂ ಇದ್ರಲ್ಲೇ ಒರಗಿ ನಿದ್ದೆ. ಕೇಳಿದ್ರೆ ಬೆನ್ನು ನೋವು ಅಂತಾರೆ."

ನಾನು ತಿರುಗಿ ತಮ್ಮನನ್ನು ಹುಡುಕಿದೆ. ಕಂಠಿ ಮಹಡಿಯ ಮೆಟ್ಟಿಲಿನ ನಡುವೆ ಕೂತು, ಕೈಯಲ್ಲಿದ್ದ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, "ಮೆಟ್ಲು ಜಾಸ್ತಿ ಆಗ್ಬಿಟ್ಟಿದೆ ಅಕ್ಕ, ಬಿಲ್ಡರ್ ಮೋಸ" ಎಂದು ನಕ್ಕ. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಒಳಗೆ ಮಂಗಳಾರತಿಯ ಗಂಟೆಯಾಯಿತು, ಎಲ್ಲರೂ ಎದ್ದರು, ನಾನು ಬಾಯಿ ಮುಚ್ಚಿಕೊಂಡೆ. ನಾಳೆಯ ಪೂಜೆಯೊಂದು ಮುಗಿಯಲಿ, ನಾಡಿದ್ದು ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೇಳಿಬಿಡುತ್ತೇನೆ ಎಂದು ದೇವರಿಗೆ ಮಾತು ಕೊಟ್ಟೆ.

ನಾಡಿದ್ದು ಬೆಳಿಗ್ಗೆ ಹೊಸಿಲಿಗೆ ರಂಗೋಲಿ ಹಾಕಲು ಬಗ್ಗಿದೆ. ಬಗ್ಗಿದವಳಿಗೆ ಉಸಿರು ಸಿಗಲಿಲ್ಲ. ಗೋಡೆ ಹಿಡಿದು ಎದ್ದೆ, ಎದ್ದರೂ ಸಿಗಲಿಲ್ಲ. ಕಾಲುಗಳು ಕಂಬದ ಹಾಗೆ ಊದಿದ್ದವು. ಎರಡು ದಿನದಿಂದ ಅವನ್ನು ಸೀರೆ ಮುಚ್ಚಿತ್ತು. ಕಂಠಿ ಓಡಿ ಬಂದು ನನ್ನನ್ನು ಹಿಡಿದುಕೊಂಡ. ಅವನೂ ಏದುಸಿರು ಬಿಡುತ್ತಿದ್ದ. ಮಂಜು ಆಂಬುಲೆನ್ಸ್ ಕರೆದರು.

ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿದ ಮೇಲೆ ನರ್ಸ್ ಪ್ರಶ್ನೆ ಕೇಳಲು ಶುರು ಮಾಡಿದಳು. ಮಂಜು ಹೊರಗೆ ಕೌಂಟರಿನಲ್ಲಿ ಫಾರಂ ತುಂಬುತ್ತಿದ್ದರು. ನನ್ನ ಪಕ್ಕದಲ್ಲಿದ್ದವನು ಕಂಠಿ. ನಾನು ಬಾಯಿ ತೆರೆಯುವ ಮೊದಲೇ ಅವನು ಉತ್ತರಿಸಿದ, "ಏನೂ ಕಾಯಿಲೆ ಇಲ್ಲ. ಮನೆಯಲ್ಲಿ ಪೂಜೆ ಇತ್ತು, ಆಯಾಸವಾಗಿದೆ ಅಷ್ಟೇ."

ಆಮೇಲೆ ನಾನು ಹೇಳಿದೆ. ನರ್ಸ್ ಕಡೆಗೆ ನೋಡುತ್ತ, ಇಂಗ್ಲಿಷಿನಲ್ಲಿ, ಕಾಯಿಲೆಯ ಪೂರ್ತಿ ಹೆಸರು, ಮಾತ್ರೆಗಳ ಹೆಸರು, ಎಲ್ಲ. ನರ್ಸ್ ಬರೆದುಕೊಂಡು, "ಕುಟುಂಬದಲ್ಲಿ ಯಾರಿಗಾದರೂ ಇದೆಯೇ? ಒಡಹುಟ್ಟಿದವರು ಇದ್ದಾರೆಯೇ?" ಎಂದಳು.

"ಇವನೇ" ಎಂದೆ. "ಇವನು ಪರೀಕ್ಷೆ ಮಾಡಿಸಬೇಕು."

ನರ್ಸ್ ಹೋದ ಮೇಲೆ ಕಂಠಿ ನನ್ನ ಕಡೆ ತಿರುಗಿದ.

"ಎಷ್ಟು ದಿನದಿಂದ ಗೊತ್ತು?"

"ಏಳು ವಾರ."

"ಮೇಘಂಗೆ ಟೆಸ್ಟ್ ಆಗಿದ್ಯಾ?"

"ಆಗಿದೆ. ಏನೂ ಇಲ್ಲ."

"ಮಗಳಿಗೆ ಕಾರ್ ಪಾರ್ಕಿಂದ್ಲೇ ಫೋನ್ ಮಾಡಿರ್ತೀಯ" ಎಂದ. ಅವನಿಗೆ ನಾನು ಎಷ್ಟು ಚೆನ್ನಾಗಿ ಗೊತ್ತು. "ನಂಗೆ ಹೇಳ್ಲಿಲ್ಲ. ನಂಗೂ ಇಬ್ರು ಮಕ್ಳಿದಾರೆ ಅಕ್ಕ."

"ಮನೆ ಪ್ರವೇಶ..." ಎಂದೆ.

"ಮನೆ! ಹಾಳಾಗ್ಲಿ ಮನೆ" ಎಂದು ಅವನು ಹೊರಗೆ ಹೋದ. ಎರಡು ದಿನದ ಹಿಂದಷ್ಟೇ ಹಾಲು ಉಕ್ಕಿಸಿದ ಮನೆಯ ಬಗ್ಗೆ ಅವನು ಹಾಗಂದದ್ದು ನನ್ನಿಂದ. ನಾನು ಅತ್ತುಬಿಟ್ಟೆ.

ಸೂಜಿಯ ಮೂಲಕ ನೀರಿಳಿಸುವ ಔಷಧ ಕೊಟ್ಟರು. ಎರಡು ದಿನದಲ್ಲಿ ನಾಲ್ಕು ಕಿಲೋ ಇಳಿದೆ. ನನ್ನನ್ನು ನೋಡಿಕೊಂಡ ನರ್ಸ್ ಫಿಲಿಪೈನ್ಸಿನವಳು. ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದಳು. ಮಡಿಯನ್ನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ನಾನು ಒದ್ದಾಡುತ್ತಿದ್ದಾಗ ಅವಳು ನಗುತ್ತ ಕೈ ಎತ್ತಿ ನಿಲ್ಲಿಸಿದಳು. "ನನ್ನ ಅಮ್ಮನೂ ಹೀಗೇ. ಆರು ದಿನ ಸರಿಯಾಗಿ ತೆಗೆದುಕೊಳ್ಳುತ್ತಾಳೆ. ಭಾನುವಾರ ಚರ್ಚಿದೆ ಎಂದು ಬಿಡುತ್ತಾಳೆ. ಪಾದ್ರಿಯ ಎದುರು ಎದ್ದು ಹೋಗಲು ನಾಚಿಕೆಯಂತೆ." ಆಮೇಲೆ ನಗು ನಿಲ್ಲಿಸಿ ಹೇಳಿದಳು, "ಬಿಡಬೇಡಿ. ಕಾರ್ಯಕ್ರಮ ಇದ್ದರೆ ಮೊದಲೇ ನಿಮ್ಮ ನರ್ಸ್‌ಗೆ ಫೋನ್ ಮಾಡಿ ಕೇಳಿ. ಬೆಳಗಿನದನ್ನು ಆರ್ವೋಗೆ ತೆಗೆದುಕೊಳ್ಳಿ ಎಂದು ಅವರೇ ಹೇಳಬಹುದು." ಆರ್ವೋ ಎಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನದ ಮೇಲೆ. ಒಂದು ಫೋನಿನಲ್ಲಿ ಮುಗಿಯುವ ವಿಷಯಕ್ಕೆ ನಾನು ಜೀವ ಪಣಕ್ಕಿಟ್ಟಿದ್ದೆ.

ಮೂರನೆಯ ದಿನ ಕಂಠಿ ಬಂದ. ಕೈಯಲ್ಲಿ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು, ಎರಡು ಚಮಚ ಹಾಕಿ, ನನಗೊಂದು ಕೊಟ್ಟು, ತಾನೊಂದು ಹಿಡಿದ. ಉಪ್ಪಿಲ್ಲದ ಮೊಸರನ್ನ. ಒಂದು ತುತ್ತು ತಿಂದು ಮುಖ ಸಿಂಡರಿಸಿದ.

"ಇದನ್ನ ತಿಂತೀಯಾ ನೀನು?"

"ಶುಂಠಿ, ಕರಿಬೇವು ಜಾಸ್ತಿ ಹಾಕ್ಬೇಕು. ಸೌಮ್ಯಂಗೆ ಹೇಳ್ತೀನಿ."

"ಹೇಳು. ಹೇಳೋದು ಕಲ್ತ್ಕೋ" ಎಂದ. ಆದರೆ ಡಬ್ಬಿ ಖಾಲಿಯಾಗುವವರೆಗೂ ನನ್ನ ಜೊತೆ ತಿಂದ. ಹೊರಡುವಾಗ, ತನ್ನ ಡಾಕ್ಟರಿಂದ ಚೀಟಿ ಬರೆಸಿಕೊಂಡಿದ್ದೇನೆ, ಎಕೋಗೆ ಮೂರು ವಾರದ ಮೇಲಿನ ದಿನ ಸಿಕ್ಕಿದೆ ಎಂದ.

ಆ ಮೂರು ವಾರ ನಾನು ಪಟ್ಟ ಭಯ ನನ್ನ ಕಾಯಿಲೆಗೂ ಪಟ್ಟಿರಲಿಲ್ಲ. ಅಡಿಲೇಡಿಗೆ ಬಂದ ಮೇಲೆ ಪ್ರತಿದಿನ ಬೆಳಿಗ್ಗೆ ತೂಕ ನೋಡಿ ಅವನಿಗೆ ಮೆಸೇಜ್ ಕಳಿಸುತ್ತಿದ್ದೆ, ಬರೀ ಅಂಕಿ. ಅವನು ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದ, ಅಷ್ಟೇ. ಭಾನುವಾರದ ಕಾಲ್ ನಿಂತಿತ್ತು. ಮಂಜು ಬ್ರಿಸ್ಬೇನಿನ ವಿಷಯ ಎತ್ತುತ್ತಿರಲಿಲ್ಲ. ಮಾತ್ರೆ ಡಬ್ಬಿಯನ್ನು ಮಾತ್ರ ತಾವೇ ಇಟ್ಟುಕೊಂಡು, ಒಂದೊಂದನ್ನೂ ನನ್ನ ಅಂಗೈಗೆ ಹಾಕಿ, ನುಂಗುವವರೆಗೂ ಎದುರಿಗೇ ನಿಲ್ಲುತ್ತಿದ್ದರು.

ಗೌರಿ ಹಬ್ಬದ ಬೆಳಿಗ್ಗೆ ದೇವರ ಮುಂದೆ ಕೂತು ಗೌರಿದಾರಕ್ಕೆ ಅರಿಶಿನ ಹಚ್ಚುತ್ತಿದ್ದೆ. ಫೋನ್ ಬಂತು.

"ಪೂಜೆ ಆಯ್ತಾ ಅಕ್ಕ?"

"ಇಲ್ಲ ಕಣೋ, ಈಗ ಶುರು."

"ಹಾಗಾದ್ರೆ ಮೊದ್ಲು ಕೇಳು. ನಿನ್ನೆ ರಿಪೋರ್ಟ್ ಬಂತು. ಸೌಮ್ಯ, ಹಬ್ಬ ಅಲ್ವಾ, ನಾಳೆ ಹೇಳಿ ಅಂದ್ಳು. ನಾನು ಕೇಳ್ಲಿಲ್ಲ." ಅವನು ಉಸಿರೆಳೆದುಕೊಂಡದ್ದು ಕೇಳಿಸಿತು. "ನಂಗೂ ಇದೆ ಅಕ್ಕ. ನಿನ್ನಷ್ಟಿಲ್ಲ. ಹೃದಯ ಸ್ವಲ್ಪ ಹಿಗ್ಗಿದೆಯಂತೆ, ಬಲ ಕಡಿಮೆ ಆಗಿದೆಯಂತೆ. ಟೈಮಿಗೆ ಸರಿಯಾಗಿ ಬಂದಿದೀರ ಅಂದ್ರು. ಇವತ್ತಿಂದ್ಲೇ ಮಾತ್ರೆ."

ನನ್ನ ಕೈಯಲ್ಲಿ ದಾರ ಹಾಗೇ ಇತ್ತು.

"ಬೆನ್ನು ನೋವೇನೂ ಇರ್ಲಿಲ್ಲ ಅಕ್ಕ" ಎಂದ ಅವನು, ಸ್ವಲ್ಪ ತಗ್ಗಿದ ದನಿಯಲ್ಲಿ. "ಮಲಗಿದ್ರೆ ಉಸಿರು ಕಟ್ತಿತ್ತು. ಮನೆ ಆಗೋವರ್ಗೂ ಯಾರಿಗೂ ಹೇಳೋದ್ ಬೇಡ ಅಂತ ನಾನೂ ಸುಮ್ನಿದ್ದೆ. ನೀನ್ ಆಸ್ಪತ್ರೆಗೆ ಹೋಗ್ದಿದ್ರೆ ಇನ್ನೂ ಸುಮ್ನೇ ಇರ್ತಿದ್ದೆ."

ಅಪ್ಪನ ಕುರ್ಚಿಗೆ ಜಗಳವಾಡಿದ ಇಬ್ಬರೂ ಫೋನಿನ ಎರಡು ತುದಿಯಲ್ಲಿ ಅತ್ತೆವು. ಸ್ವಲ್ಪ ಹೊತ್ತಿಗೆ ಅವನು, "ನಂಗೂ ನೀರು ಒಂದೂವರೆ ಲೀಟ್ರಂತೆ, ಹೆಂಗೆ ಬದ್ಕೋದು?" ಎಂದ. ನಾನು ಮೂಗೊರೆಸಿಕೊಂಡು ದ್ರಾಕ್ಷಿಯ ವಿಷಯ ಹೇಳಿದೆ. ಆ ವರ್ಷ ಗೌರಿ ಪೂಜೆ ಒಂದು ಗಂಟೆ ತಡವಾಯಿತು. ಗೌರಿ ಏನೂ ಅಂದುಕೊಂಡಿರಲಾರಳು.

ಇದೆಲ್ಲ ಆಗಿ ಒಂದು ವರ್ಷ. ನಿಕ್ ತಾತ ಈಗ ಹನ್ನೆರಡನೆಯ ವರ್ಷದಲ್ಲಿದ್ದಾರೆ. ಕಂಠಿಯ ಮಕ್ಕಳಿಬ್ಬರಿಗೂ ಪರೀಕ್ಷೆಯಾಯಿತು, ಸದ್ಯಕ್ಕೆ ಏನೂ ಇಲ್ಲ. ನನ್ನ ಹೃದಯ ಮೊದಲಿನ ಅಳತೆಗೆ ಬಂದಿಲ್ಲ, ಆದರೆ ಬಲ ಬಹಳ ಸುಧಾರಿಸಿದೆ. ಎದೆಯೊಳಗೆ ಯಂತ್ರ ಕೂರಿಸಬೇಕಾಗಬಹುದು ಎಂದಿದ್ದ ಡಾಕ್ಟರು ಈಗ ಸದ್ಯಕ್ಕೆ ಬೇಡ ಎಂದಿದ್ದಾರೆ. ಮಾತ್ರೆಗಳು ಮಾತ್ರ ಇನ್ನು ನನ್ನ ಜೊತೆಯಲ್ಲೇ. ಒಂದು ದಿಂಬಿನ ಮೇಲೆ ಮಲಗುತ್ತೇನೆ. ಕೆಲಸಕ್ಕೆ ಹೋಗುತ್ತೇನೆ, ಉಪ್ಪಿಲ್ಲದ ತಟ್ಟೆಗಳ ಮೇಲೆ ನಿಂಬೆರಸ ಹಿಂಡಿಯೇ ಕಳಿಸುತ್ತೇನೆ. ಪ್ರತಿದಿನ ಬೆಳಿಗ್ಗೆ ನನ್ನ ಅಂಕಿ ಬ್ರಿಸ್ಬೇನಿಗೆ, ಅವನ ಅಂಕಿ ಅಡಿಲೇಡಿಗೆ. ಒಂದು ಕಿಲೋ ಏರಿದರೆ ಒಬ್ಬರು ಇನ್ನೊಬ್ಬರನ್ನು, ನಿನ್ನೆ ಎಲ್ಲಿ ಊಟಕ್ಕೆ ಹೋಗಿದ್ದೆ ಎಂದು ಪೊಲೀಸರ ಹಾಗೆ ವಿಚಾರಿಸುತ್ತೇವೆ.

ಈ ಸಲದ ಗೌರಿ ಹಬ್ಬಕ್ಕೆ ಕಂಠಿಯಿಂದ ಪಾರ್ಸೆಲ್ ಬಂತು. ಪ್ರತಿ ವರ್ಷದಂತೆ ರವಿಕೆ ಕಣ, ಬಳೆ, ಅರಿಶಿನ ಕುಂಕುಮದ ಪೊಟ್ಟಣ. ತಳದಲ್ಲಿ ಒಂದು ಉದ್ದನೆಯ ಲಕೋಟೆ. ಬಿಡಿಸಿದರೆ ಆಸ್ಪತ್ರೆಯ ಕಾಗದ, ಅವನ ಹೊಸ ಎಕೋ ರಿಪೋರ್ಟು. ಅದರ ನಾಲ್ಕು ಮೂಲೆಗೂ, ಮದುವೆಯ ಕಾಗದಕ್ಕೆ ಹಚ್ಚುವ ಹಾಗೆ, ಅರಿಶಿನ ಹಚ್ಚಿತ್ತು.

ಮಧ್ಯದಲ್ಲಿ ಏನು ಬರೆದಿದೆ ಎಂದು ಓದುವ ಮೊದಲೇ ನನಗೆ ಗೊತ್ತಾಯಿತು. ಓದಿದೆ. ಅವನ ಹೃದಯ ಸಾಧಾರಣ ಅ‌ಳತೆಗೆ ಮರಳಿತ್ತು. ತಕ್ಷಣ ಫೋನ್ ಮಾಡಿದೆ.

"ಇದೇನೋ ಇದು, ರಿಪೋರ್ಟಿಗೆ ಅರಿಶಿನ?"

"ಶುಭ ಸಮಾಚಾರ ಅಲ್ವಾ."

"ಕೆಟ್ಟ ಸುದ್ದಿ ಇದ್ದಿದ್ರೆ ಏನ್ ಮಾಡ್ತಿದ್ದೆ?"

ಅವನು ಯೋಚಿಸಲೂ ಇಲ್ಲ. "ಆಗ್ಲೂ ಹಚ್ಚೇ ಕಳಿಸ್ತಿದ್ದೆ, ಅಕ್ಕ."

ಫೋನ್ ಇಟ್ಟು, ನನ್ನ ಫೈಲಿನಿಂದ ಕಳೆದ ತಿಂಗಳ ರಿಪೋರ್ಟನ್ನು ತೆಗೆದೆ. ಪೂರ್ತಿ ಒಳ್ಳೆಯದೂ ಅಲ್ಲ, ಪೂರ್ತಿ ಕೆಟ್ಟದ್ದೂ ಅಲ್ಲದ ರಿಪೋರ್ಟು. ಅವನಿಗೆ ಅದರ ಅಂಕಿಗಳನ್ನು ಆಗಲೇ ಹೇಳಿದ್ದೆ. ಆದರೂ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಲಕೋಟೆಗೆ ಹಾಕಿ, ವಿಳಾಸ ಬರೆದು, ಪ್ರಾಸ್ಪೆಕ್ಟ್ ರೋಡಿನ ಪೋಸ್ಟಾಫೀಸಿಗೆ ಹೊರಟೆ. ಬಸ್ ಸ್ಟಾಪು ದಾಟಿತು, ಪೆಟ್ರೋಲ್ ಬಂಕು ದಾಟಿತು, ಕಾಫಿ ಅಂಗಡಿ ದಾಟಿತು. ನಾನು ಎಲ್ಲೂ ನಿಲ್ಲಲಿಲ್ಲ.